ಲಂಡನ್ ನಗರದ ಕಾರಾಗೃಹಲೇಖಗಳ ಪ್ರಾಮಾಣ್ಯವಿಚಾರ

ಆಂಗ್ಲ ಕಾದಂಬರಿಗಳಲ್ಲಿ ಪ್ರಾಚೀನವಾದವುಗಳ ಪೈಕಿ ಡೇನಿಯಲ್ ಡಿಫೋ ಎಂಬಾತನು ೧೭೨೨ನೆಯ ಇಸವಿಯಲ್ಲಿ ಪ್ರಕಟಿಸಿದ 'ಮಾಲ್ ಫ್ಲಾಂಡರ್ಸ್' ಎಂಬುದೊಂದು. ಅದರಲ್ಲಿ ಕಥಾನಾಯಿಕೆಯು ತನ್ನ ವೃತ್ತಾಂತವನ್ನು ತಾನೇ ನಿರೂಪಿಸುತ್ತಾಳೆ. ಆಕೆಯು ಮೊಟ್ಟಮೊದಲು ಆಡುವ ಮಾತೇ ವಿಲಕ್ಷಣವಾದುದು. ನ್ಯೂಗೇಟ್ ಸೆರೆಮನೆಯ ದಫ್ತರದಲ್ಲಿಯೂ ಓಲ್ಡ್ ಬೈಲಿ ನ್ಯಾಯಸ್ಥಾನದ ಕಡತಗಳಲ್ಲಿಯೂ ತನ್ನ ನಿಜವಾದ ಹೆಸರು ಚೆನ್ನಾಗಿ ಪ್ರಸಿದ್ಧವಾಗಿರುವುದರಿಂದ ಅದನ್ನು ಇಲ್ಲಿ ತಿಳಿಸಲಾಗುವುದಿಲ್ಲವೆಂದು ಆಕೆ ಹೇಳುತ್ತಾಳೆ. ಲೋಕದಲ್ಲಿ ಕಥೆ ಹೇಳುವವರು ನಾಮಧಾಮಗಳಿಂದ ಉಪಕ್ರಮಿಸುವುದು ವಾಡಿಕೆ. ಈಕೆಯು ನಾಮದ ನಿರಾಕರಣದಿಂದಲೇ ಉಪಕ್ರಮಿಸುತ್ತಾಳೆ. ಕಡತವುಂಟು, ಕಡತದಲ್ಲಿ ಹೆಸರೂ ಉಂಟು; ಆದರೆ ವಾಚಕನಿಗೆ ಅದರ ದಾರಿ ಮಾತ್ರ ಮುಚ್ಚಿದೆ. ಸೆರೆಮನೆಯ ದಾಖಲೆಗೂ ಸಾಹಿತ್ಯಕ್ಕೂ ಇರುವ ಸಂಬಂಧದ ತೊಡಕೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು.

ಈ ನಿರಾಕರಣವನ್ನೇ ಒಂದು ಪಂಥಾಹ್ವಾನವೆಂದು ಬಗೆದು ನಾಯಿಕೆಯ ಮೂಲವನ್ನು ಪತ್ತೆಹಚ್ಚಹೊರಟ ವಿದ್ವಾಂಸರೂ ಉಂಟು. ಜೆರಲ್ಡ್ ಹೌಸನ್ ಎಂಬವರು ೧೯೬೮ರಲ್ಲಿ, ಮಾಲ್ ಕಿಂಗ್ ಎಂಬ ಹೆಸರಿನ ಕಳ್ಳಿಯೊಬ್ಬಳೇ ಈ ಪಾತ್ರಕ್ಕೆ ಮಾತೃಕೆಯೆಂದು ವಾದಿಸಿದರು. ಆ ಕಾಲಕ್ಕೆ ಇಂತಹ ಶೋಧನೆಯೆಂದರೆ ಪತ್ರಾಗಾರಗಳಲ್ಲಿ ದಿನಗಟ್ಟಲೆ ಧೂಳು ಕೊಡಹುವ ಕೆಲಸವಾಗಿದ್ದಿತು. ಈಗ ಹಾಗಲ್ಲ. ಓಲ್ಡ್ ಬೈಲಿಯ ಮುದ್ರಿತ ವರದಿಗಳು ೨೦೦೩ರಿಂದ ಅಂತರ್ಜಾಲದಲ್ಲಿ ಬರಲು ಮೊದಲಾಗಿ, ೧೬೭೪ರಿಂದ ೧೯೧೩ರ ವರೆಗಿನ ೧,೯೭,೭೪೫ ವಿಚಾರಣೆಗಳು ಸರ್ವರಿಗೂ ಲಭ್ಯವಾಗಿವೆ. ೨೦೧೭ರಲ್ಲಿ ಸಿದ್ಧವಾದ 'ಡಿಜಿಟಲ್ ಪನಾಪ್ಟಿಕನ್' ಎಂಬ ಇನ್ನೊಂದು ಸಂಗ್ರಹವು ೧೭೮೦ರಿಂದ ಮುಂದೆ ಅಲ್ಲಿ ಶಿಕ್ಷೆ ಹೊಂದಿದ ಸುಮಾರು ೯೦,೦೦೦ ಮಂದಿಯ ಕಡತಗಳನ್ನು ಒಂದಕ್ಕೊಂದು ಜೋಡಿಸಿಕೊಡುತ್ತದೆ. ಪರಿಣಾಮವಾಗಿ, ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ತರಗತಿಗಳಲ್ಲಿ ಕಾದಂಬರಿಯ ಪಾತ್ರವನ್ನೋ ಕವಿಯ ಬಂಧುವನ್ನೋ ಇಂತಹ ಸಂಗ್ರಹಗಳಲ್ಲಿ ಹುಡುಕಿಸುವ ಪದ್ಧತಿ ಬಂದಿದೆ. ಹುಡುಕುವುದು ದೋಷವಲ್ಲ. ದೊರೆತರೆ 'ಸತ್ಯ'ವೆಂದೂ, ದೊರೆಯದಿದ್ದರೆ 'ಕಲ್ಪಿತ'ವೆಂದೂ ನಿರ್ಣಯಿಸಿಬಿಡುವುದು ದೋಷ. ಈ ಎರಡು ನಿರ್ಣಯಗಳೂ ದುರ್ಬಲವೆಂಬುದನ್ನು ವಿಚಾರಿಸತಕ್ಕದ್ದಾಗಿದೆ.

ದೊರೆತುದರ ಪ್ರಾಮಾಣ್ಯವು ಮೊದಲು ವಿಚಾರ್ಯ. ಓಲ್ಡ್ ಬೈಲಿಯ ವರದಿಯು ನ್ಯಾಯಾಧಿಪತಿಗಳು ತಮ್ಮ ಉಪಯೋಗಕ್ಕಾಗಿ ಬರೆಯಿಸಿಟ್ಟ ಕಡತವಲ್ಲ. ಪ್ರಾರಂಭದಲ್ಲಿ ಅದು ಅಚ್ಚು ಹಾಕಿಸಿ ಬೀದಿಯಲ್ಲಿ ಮಾರುತ್ತಿದ್ದ ಕೆಲವೇ ಪುಟಗಳ ಪುಸ್ತಿಕೆ. ಕೊಳ್ಳುವವರ ಕುತೂಹಲವೇ ಅದರ ಅಳತೆಗೋಲು. ಕೊಲೆ, ದಾರಿದರೋಡೆ ಮೊದಲಾದ ಸ್ವಾರಸ್ಯವುಳ್ಳ ವಿಚಾರಣೆಗಳಿಗೆ ಪುಟಗಟ್ಟಲೆ ಸ್ಥಳ. ಕರವಸ್ತ್ರವನ್ನು ಕದ್ದ ಬಡವನಿಗೆ ಎರಡು ಪಂಕ್ತಿ. ಹದಿನೆಂಟನೆಯ ಶತಮಾನದಲ್ಲಿ ಶೀಘ್ರಲಿಪಿಕಾರರು ಬಂದ ಮೇಲೆ ಸಾಕ್ಷಿಗಳ ಮಾತು ವಿಸ್ತಾರವಾಗಿ ಬರತೊಡಗಿತು. ೧೭೭೮ರಲ್ಲಿ ನಗರಾಡಳಿತವು ವರದಿಯು ಯಥಾರ್ಥವೂ ಸಂಪೂರ್ಣವೂ ಆಗಿರಬೇಕೆಂದು ವಿಧಿಸಿತು. ಆದರೆ ಅದೇ ಆಡಳಿತವು ಹನ್ನೆರಡು ವರ್ಷಗಳ ತರುವಾಯ, ೧೭೯೦ರಲ್ಲಿ, ನಿರ್ದೋಷಿಗಳೆಂದು ಬಿಡುಗಡೆಯಾದವರ ವಿಚಾರಣೆಗಳನ್ನು ಅಚ್ಚುಮಾಡಕೂಡದೆಂದು ಆಜ್ಞಾಪಿಸಿತು. ಅವುಗಳನ್ನು ಓದಿ ಕಳ್ಳರು ತಪ್ಪಿಸಿಕೊಳ್ಳುವ ಯುಕ್ತಿಗಳನ್ನು ಕಲಿತಾರೆಂಬುದು ಅದರ ಭಯ. ೧೭೯೨ರ ವರೆಗೆ ಈ ನಿಷೇಧವಿದ್ದಿತು. ಆ ಎರಡು ವರ್ಷಗಳ ಸಂಪುಟಗಳನ್ನು ಮಾತ್ರ ಓದಿದವನಿಗೆ, ಆ ನ್ಯಾಯಸ್ಥಾನಕ್ಕೆ ಬಂದವರೆಲ್ಲರೂ ಅಪರಾಧಿಗಳೇ ಎಂದು ತೋರಿದರೆ ಆಶ್ಚರ್ಯವೇನು? ಹೆಂಗಸರ ಮೇಲಣ ಅತ್ಯಾಚಾರದ ಮೊಕದ್ದಮೆಗಳಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಮುಂದೆ ಸಾಕ್ಷ್ಯವನ್ನೇ ಬಿಟ್ಟು, ಫಲಿತಾಂಶವನ್ನು ಮಾತ್ರ ಕೊಡುವ ವಾಡಿಕೆಯಾಯಿತು. ಮರ್ಯಾದೆಗಾಗಿ ಮಾಡಿದುದು ನೊಂದವಳ ಮಾತನ್ನೇ ನುಂಗಿತು.

ಶೂದ್ರಕನ 'ಮೃಚ್ಛಕಟಿಕ'ದ ಒಂಬತ್ತನೆಯ ಅಂಕವನ್ನು ಬಲ್ಲವರಿಗೆ ಇದು ಹೊಸತೆನಿಸದು. ಅಲ್ಲಿ ಶಕಾರನು ಚಾರುದತ್ತನ ಮೇಲೆ ದೂರು ತಂದು, ವಸಂತಸೇನೆಯ ಕೊಲೆಯನ್ನು ವರ್ಣಿಸುವ ಭರದಲ್ಲಿ, ಕೇಳದೆಯೇ 'ನಾನಲ್ಲ' ಎಂದುಬಿಡುತ್ತಾನೆ. ಅಧಿಕರಣಿಕನು ಆ ಮಾತನ್ನು ಬರೆಯಿಸುತ್ತಾನೆ. ಶಕಾರನು ತನ್ನ ಪ್ರಮಾದವನ್ನು ಅರಿತು, ಬರೆದುದನ್ನು ಕಾಲಿನಿಂದ ಒರಸಿ ಅಳಿಸಿಬಿಡುತ್ತಾನೆ. ವಿಚಾರಣೆಯು ಮುಂದುವರಿಯುತ್ತದೆ, ನಿರಪರಾಧಿಗೆ ಮರಣದಂಡನೆಯಾಗುತ್ತದೆ. ಈ ಸನ್ನಿವೇಶವನ್ನು ನಗೆಗಾಗಿ ಮಾತ್ರವೇ ಇಟ್ಟಿದೆಯೆಂದು ಪಾಠ ಹೇಳುವುದುಂಟು. ಅದು ಸಾಲದು. ದಾಖಲೆಯಲ್ಲಿ ಏನು ಉಳಿಯತಕ್ಕದ್ದೆಂಬುದನ್ನು ನಿರ್ಣಯಿಸುವ ಬಲವು ಯಾರದೆಂಬ ಪ್ರಶ್ನೆಯನ್ನು ಕವಿಯು ರಂಗದ ಮೇಲೆ, ಒಂದು ಕಾಲಿನ ಚಲನೆಯಿಂದ, ತೋರಿಸಿಕೊಟ್ಟಿದ್ದಾನೆ. ಲಂಡನ್ನಿನಲ್ಲಿ ಒರಸಿದುದು ಕಾಲಲ್ಲ, ನಗರಸಭೆಯ ನಿರ್ಣಯವೆಂಬುದಿಷ್ಟೇ ಭೇದ.

ಬಿಟ್ಟುಹೋದುದರ ಮಾತು ಅದಾಯಿತು. ಬರೆದಿರುವುದರಲ್ಲಿಯೂ ಅಸತ್ಯವುಂಟು, ಅದೂ ಬುದ್ಧಿಪೂರ್ವಕವಾಗಿ. ಆ ಕಾಲದ ಆಂಗ್ಲ ಶಾಸನದಂತೆ ವಾಸದ ಮನೆಯಿಂದ ೪೦ ಷಿಲ್ಲಿಂಗು ಬೆಲೆಯ ಸಾಮಾನನ್ನು ಕದ್ದವನಿಗೆ ಗಲ್ಲು. ವರದಿಯನ್ನು ಓದುತ್ತ ಹೋದರೆ ಜೂರಿಯವರು ಕದ್ದ ಮಾಲಿನ ಬೆಲೆಯನ್ನು ೩೯ ಷಿಲ್ಲಿಂಗೆಂದು ನಿರ್ಣಯಿಸಿದ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಲಂಡನ್ನಿನ ಕಳ್ಳರಿಗೆಲ್ಲ ೩೯ ಷಿಲ್ಲಿಂಗಿನ ಪದಾರ್ಥಗಳೇ ಕೈಗೆ ಸಿಕ್ಕುತ್ತಿದ್ದವೆಂದು ಯಾರೂ ನಂಬಲಾರರು. ಕೊರಳನ್ನು ಉಳಿಸಬೇಕೆಂಬ ಕರುಣೆಯು ಅಂಕಿಯ ವೇಷವನ್ನು ಧರಿಸಿದೆ. ಸತ್ಯವನ್ನು ನುಡಿದರೆ ವಧೆಯಾಗುವಂತಿದ್ದ ಪಕ್ಷದಲ್ಲಿ ಸಾಕ್ಷಿಯು ಅನೃತವನ್ನು ನುಡಿಯಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಚನವಿದೆ. ಅಲ್ಲಿ ಅನುಜ್ಞೆಯು ಸಾಕ್ಷಿಗೆ. ಇಲ್ಲಿ ಜೂರಿಯವರು ಅನುಜ್ಞೆಯಿಲ್ಲದೆ ತಾವೇ ತೆಗೆದುಕೊಂಡ ಸ್ವಾತಂತ್ರ್ಯ. ಅದು ಹಾಗಿರಲಿ. ಅಂದಿನ ಬಟ್ಟೆಬರೆಗಳ ಬೆಲೆಯನ್ನು ಈ ವರದಿಗಳಿಂದ ಲೆಕ್ಕ ಹಾಕುವವನು ಬೆಲೆಯನ್ನಲ್ಲ, ದಯೆಯನ್ನು ಅಳೆಯುತ್ತಿರುವನೆಂಬುದನ್ನು ಮರೆಯಬಾರದು.

ಇದಕ್ಕಿಂತಲೂ ಎಚ್ಚರದಿಂದ ಓದತಕ್ಕವು ನ್ಯೂಗೇಟಿನ ಪಾದ್ರಿಯ ವೃತ್ತಾಂತಪುಸ್ತಿಕೆಗಳು. ಆ ಸೆರೆಮನೆಯಲ್ಲಿ ನಿಯುಕ್ತನಾದ ಪಾದ್ರಿಯು ಗಲ್ಲಿಗೆ ಹೋಗುವವರ ಜನ್ಮವೃತ್ತಾಂತ, ತಪ್ಪೊಪ್ಪಿಗೆ, ಕಡೆಯ ಮಾತುಗಳನ್ನು ಅಚ್ಚುಮಾಡಿಸಿ ಮಾರುತ್ತಿದ್ದನು. ೧೬೭೬ರಿಂದ ೧೭೭೨ರ ವರೆಗೆ ಇಂತಹ ನಾನೂರಕ್ಕೂ ಮಿಕ್ಕ ಪುಸ್ತಿಕೆಗಳು ಹೊರಬಂದವು. ಅವುಗಳಲ್ಲಿ ಸುಮಾರು ೨,೫೦೦ ಮಂದಿಯ ಚರಿತ್ರೆಗಳಿವೆ. ಮಾರಾಟದ ಲಾಭವು ಪಾದ್ರಿಗೆ. ಇವನ್ನು ಬಡವರ ಆತ್ಮಕಥೆಗಳೆಂದು ಕೊಂಡಾಡುವ ವಿಮರ್ಶಕರಿದ್ದಾರೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಇವು ಅರ್ಥವಾದಗಳು. 'ಕದಿಯಬಾರದು' ಎಂಬ ನಿಷೇಧಕ್ಕೆ ಶೇಷವಾಗಿ ನಿಂತ ನಿಂದಾವಾಕ್ಯಗಳಿಗೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ. ಬಾಲ್ಯದಲ್ಲಿ ಭಾನುವಾರದ ಪ್ರಾರ್ಥನೆಯನ್ನು ತಪ್ಪಿಸಿದುದು, ಕೆಟ್ಟ ಸಹವಾಸ, ಕುಡಿತ, ಆಮೇಲೆ ಕಳ್ಳತನ, ಕಡೆಗೆ ಪಶ್ಚಾತ್ತಾಪ ಎಂಬ ಒಂದೇ ಸರಣಿಯು ಚರಿತ್ರೆಯಿಂದ ಚರಿತ್ರೆಗೆ ಮರುಕಳಿಸುವುದನ್ನು ಕಂಡವನಿಗೆ ಈ ವಿಷಯದಲ್ಲಿ ಸಂಶಯವಿರಲಾರದು.

ಡಿಫೋನಿಗೆ ಸಂಶಯವಿರಲಿಲ್ಲ. ೧೭೦೩ರಲ್ಲಿ ಅವನು ತಾನೇ ನ್ಯೂಗೇಟಿನಲ್ಲಿ ಬಂದಿಯಾಗಿದ್ದವನು. ಆ ಸ್ಥಳದ ರೀತಿನೀತಿಗಳನ್ನು ಕಣ್ಣಾರೆ ಕಂಡವನು. ಕಾದಂಬರಿಯಲ್ಲಿ ನಾಯಿಕೆಗೆ ಗಲ್ಲಿನ ತೀರ್ಪಾಗುವುದಕ್ಕೆ ಮುಂಚೆ ಪಾದ್ರಿಯೊಬ್ಬನು ಬರುತ್ತಾನೆ. ಬೆಳಗ್ಗೆ ಆಕೆಗೆ ಪಶ್ಚಾತ್ತಾಪವನ್ನು ಬೋಧಿಸಿದವನು ಮಧ್ಯಾಹ್ನದ ಹೊತ್ತಿಗೆ ಬ್ರಾಂದಿ ಕುಡಿದು ಮತ್ತನಾಗಿರುತ್ತಾನೆ. ಅವನಿಗೆ ಬೇಕಾದುದು ತಪ್ಪೊಪ್ಪಿಗೆಯೇ ಹೊರತು ಆಕೆಯ ಆತ್ಮವಲ್ಲವೆಂದು ಆಕೆಗೆ ಹೇಸಿಗೆಯಾಗುತ್ತದೆ. ಪಾದ್ರಿಯ ಪುಸ್ತಿಕೆಯನ್ನು ಕೊಂಡು ಓದುತ್ತಿದ್ದ ಜನರಿಗಾಗಿಯೇ ಡಿಫೋ ಈ ಕಾದಂಬರಿಯನ್ನು ಬರೆದನೆಂಬುದನ್ನು ನೆನೆದರೆ ಈ ಚಿತ್ರದ ಮೊನಚು ಇಮ್ಮಡಿಯಾಗುತ್ತದೆ. ಇನ್ನೊಂದು ಸ್ವಾರಸ್ಯವು ಮುನ್ನುಡಿಯಲ್ಲಿದೆ. ಮೂಲದ ಕೈಬರಹವು ಇನ್ನೂ ಸೆರೆಮನೆಯಲ್ಲಿರುವವಳ ಭಾಷೆಯಂತೆ ಒರಟಾಗಿದ್ದಿತೆಂದೂ, ಅದನ್ನು ಸಭ್ಯವಾದ ಮಾತಿಗೆ ತಿದ್ದಲಾಗಿದೆಯೆಂದೂ ಸಂಪಾದಕನ ವೇಷದಲ್ಲಿ ಅವನು ಹೇಳಿಕೊಳ್ಳುತ್ತಾನೆ. ಪಾದ್ರಿಯು ತಿದ್ದಿ, ತಿದ್ದಲಿಲ್ಲವೆಂಬಂತೆ ಇರುತ್ತಾನೆ. ಡಿಫೋ ಎಲ್ಲವನ್ನೂ ಕಲ್ಪಿಸಿ, ತಿದ್ದಿದೆನೆಂದು ಒಪ್ಪಿಕೊಳ್ಳುತ್ತಾನೆ. ಇವರಿಬ್ಬರಲ್ಲಿ ಸತ್ಯಕ್ಕೆ ಸಮೀಪನಾದವನು ಯಾರೆಂಬುದನ್ನು ಹೌಸನ್ನರ ಶೋಧನೆಯು ತಿಳಿಸಲಾರದು. ಮಾಲ್ ಕಿಂಗಳ ಕಡತವು ಎಷ್ಟೇ ಪೂರ್ಣವಾಗಿ ದೊರೆತರೂ, ಹೆಸರನ್ನು ಮುಚ್ಚಿಡುವುದರಿಂದಲೇ ಬದುಕಿದ ಹೆಂಗಸೊಬ್ಬಳ ಧ್ವನಿಯು ಅದರಲ್ಲಿ ಕೇಳಿಸುವುದಿಲ್ಲ.

ದಾಖಲೆಗಳಲ್ಲಿ ಅತ್ಯಂತ ನಿರಾಡಂಬರವಾದವು ರಿಜಿಸ್ಟರುಗಳು. ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ೧೭೯೧ರಿಂದ ಮೊದಲಾಗುವ ಲಂಡನ್ನಿನ ಅಪರಾಧಿಗಳ ರಿಜಿಸ್ಟರುಗಳಿವೆ. ಅವುಗಳಲ್ಲಿ ಮೊದಲಿನವು ವಯಸ್ಸು, ಎತ್ತರ, ಮೈಬಣ್ಣ, ಕೂದಲು, ಕಣ್ಣು, ಹುಟ್ಟಿದ ಊರು, ಕಸುಬು ಇವನ್ನೂ ನಮೂದಿಸುತ್ತವೆ. ಸೂರ್ಯನು ಮುಳುಗಿದನು, ಚಂದ್ರನು ಬೆಳಗುತ್ತಾನೆ ಎಂಬಂತಹ ಮಾತನ್ನು ಭಾಮಹನು ಕಾವ್ಯವಲ್ಲ, ವಾರ್ತೆಯೆಂದು ತಳ್ಳಿಹಾಕಿದನು. ದಂಡಿಯು ಸ್ವಭಾವೋಕ್ತಿಗೆ ಅಲಂಕಾರಗಳಲ್ಲಿ ಮೊದಲ ಮಣೆಯನ್ನು ಹಾಕಿದನು. ರಿಜಿಸ್ಟರಿನ ಪಂಕ್ತಿಯು ಯಾವ ಪಕ್ಷಕ್ಕೆ ಸೇರತಕ್ಕದ್ದು? ಬರೆದವನಿಗೆ ಅದು ವಾರ್ತೆ, ಓಡಿಹೋದವನನ್ನು ಗುರುತಿಸಿ ಹಿಡಿಯುವ ಸಾಧನ. ಇನ್ನೂರು ವರ್ಷಗಳ ಮೇಲೆ ಓದುವವನಿಗೆ ಅದು ಸ್ವಭಾವೋಕ್ತಿಯಂತೆ ಹೊಳೆಯುತ್ತದೆ. ಡಿಫೋನ ರೂಪವನ್ನೇ ನೋಡಬಹುದು. ಗಿಡುಗಮೂಗು, ಚೂಪಾದ ಗಲ್ಲ, ಬೂದುಗಣ್ಣು, ಬಾಯಿಯ ಬಳಿ ದೊಡ್ಡ ಮಚ್ಚೆ ಎಂಬ ವರ್ಣನೆಯು ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತದೆ. ಅದನ್ನು ಬರೆದವನು ಮಿತ್ರನೂ ಅಲ್ಲ, ಚಿತ್ರಕಾರನೂ ಅಲ್ಲ. ೧೭೦೩ರ ಜನವರಿಯಲ್ಲಿ ಅವನನ್ನು ಹಿಡಿದುಕೊಟ್ಟವರಿಗೆ ೫೦ ಪೌಂಡು ಬಹುಮಾನವೆಂದು 'ಲಂಡನ್ ಗೆಜೆಟ್' ಪತ್ರಿಕೆಯಲ್ಲಿ ಸರ್ಕಾರವು ಕೊಟ್ಟ ಪ್ರಕಟನೆಯದು ಆ ಮಾತು.

ಇನ್ನು ದೊರೆಯದಿರುವುದರ ವಿಚಾರ. ಈ ಎಡೆಯಲ್ಲಿಯೇ ಹೆಚ್ಚು ಪ್ರಮಾದಗಳು ನಡೆಯುತ್ತವೆ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪದೆ ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಹೇಳುತ್ತಾರೆ. ಈ ಜಗಳವೇನೇ ಇರಲಿ, ಒಂದು ನಿಯಮದಲ್ಲಿ ಉಭಯರಿಗೂ ಸಮ್ಮತಿಯಿದೆ: ಇದ್ದಿದ್ದರೆ ಅವಶ್ಯವಾಗಿ ಕಾಣಿಸಿಕೊಳ್ಳುತ್ತಿದ್ದಿತು ಎಂಬಂತಹ ವಸ್ತುವಿನ ಕಾಣದಿರುವಿಕೆಯೇ ಅಭಾವಕ್ಕೆ ಸಾಧಕ. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಆದುದರಿಂದ ಲಂಡನ್ನಿನ ಕಡತಗಳಲ್ಲಿ ಹೆಸರು ಹುಡುಕುವವನು, ಆ ಹೆಸರು ಈ ಕಡತದಲ್ಲಿ ಇರಲು ಯೋಗ್ಯವೋ ಅಲ್ಲವೋ ಎಂಬುದನ್ನು ಮೊದಲು ಕೇಳಿಕೊಳ್ಳತಕ್ಕದ್ದು. ೧೮೩೪ಕ್ಕೆ ಮುಂಚೆ ಓಲ್ಡ್ ಬೈಲಿಯ ಅಧಿಕಾರವು ಲಂಡನ್ ಪಟ್ಟಣಕ್ಕೂ ಮಿಡ್ಲ್‌ಸೆಕ್ಸ್ ಪ್ರಾಂತಕ್ಕೂ ಸಲ್ಲುತ್ತಿದ್ದಿತು. ಥೇಮ್ಸ್ ನದಿಯನ್ನು ದಾಟಿ ಸದರ್ಕಿನಲ್ಲಿ ಕದ್ದವನ ವಿಚಾರಣೆಯು ಸಾಮಾನ್ಯವಾಗಿ ಸರೆ ಪ್ರಾಂತದ ನ್ಯಾಯಸ್ಥಾನದಲ್ಲಿ. ಚಿಲ್ಲರೆ ಅಪರಾಧಗಳು ಬೇರೆಡೆಗೆ ಹೋಗುತ್ತಿದ್ದವು. ಸಾಲ ತೀರಿಸಲಾರದವರಂತೂ ಅಪರಾಧಿಗಳೇ ಅಲ್ಲವಾದುದರಿಂದ ಅವರಿಗೆ ಫ್ಲೀಟ್, ಕಿಂಗ್ಸ್ ಬೆಂಚ್, ಮಾರ್ಷಲ್‌ಸೀ ಎಂಬ ಬೇರೆ ಸೆರೆಮನೆಗಳೂ ಬೇರೆ ರಿಜಿಸ್ಟರುಗಳೂ ಇದ್ದವು.

ಈ ಮಾರ್ಷಲ್‌ಸೀ ಸೆರೆಮನೆಯೇ ಚಾರ್ಲ್ಸ್ ಡಿಕನ್ಸನ 'ಲಿಟ್ಲ್ ಡಾರಿಟ್' ಕಾದಂಬರಿಯ ರಂಗಭೂಮಿ. ಅವನ ತಂದೆ ಜಾನ್ ಡಿಕನ್ಸನು ರೊಟ್ಟಿಯಂಗಡಿಯವನೊಬ್ಬನಿಗೆ ೪೦ ಪೌಂಡು ೧೦ ಷಿಲ್ಲಿಂಗು ಸಲ್ಲಿಸಲಾರದೆ ೧೮೨೪ನೆಯ ಫೆಬ್ರವರಿ ೨೦ರಂದು ಅಲ್ಲಿ ಸೇರಿ, ಮೇ ತಿಂಗಳ ಕೊನೆಯಲ್ಲಿ ಹೊರಬಂದನು. ಓಲ್ಡ್ ಬೈಲಿಯ ವರದಿಯಲ್ಲಿ ಅವನನ್ನು ಹುಡುಕಿ ಕಾಣದೆ, ಡಿಕನ್ಸನ ಬಾಲ್ಯದ ಕಥೆಯೇ ಅತಿಶಯೋಕ್ತಿಯೆಂದು ಹೇಳಿದರೆ ಅದು ಕತ್ತಲೆಯ ಕೋಣೆಯ ಗಡಿಗೆಯ ನ್ಯಾಯವಾಗುವುದು. ಸರಿಯಾದ ರಿಜಿಸ್ಟರನ್ನೇ ತೆರೆದರೂ ಅದು ಸಾಲಗಾರನ ದಾಖಲೆ: ಯಾರು, ಯಾರ ದಾವೆಯ ಮೇಲೆ, ಎಷ್ಟು ಹಣಕ್ಕೆ, ಎಂದು ಒಳಗೆ, ಎಂದು ಹೊರಗೆ. ಅವನೊಡನೆ ಸೆರೆಮನೆಯಲ್ಲಿಯೇ ಬಂದು ನೆಲಸಿದ ಹೆಂಡತಿಗೂ ಚಿಕ್ಕ ಮಕ್ಕಳಿಗೂ ಅದರಲ್ಲಿ ಸ್ಥಳವಿಲ್ಲ. ಹೊರಗೆ ಒಂಟಿಯಾಗಿ ಉಳಿದು, ಬೂಟಿಗೆ ಹಚ್ಚುವ ಕಪ್ಪಿನ ಕಾರ್ಖಾನೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದ ಹನ್ನೆರಡು ವರ್ಷದ ಮಗನಿಗಂತೂ ಯಾವ ರಿಜಿಸ್ಟರಿನಲ್ಲಿಯೂ ಕಲಮಿಲ್ಲ. ಆ ಮಗನು ಈ ಸಂಗತಿಯನ್ನು ಬದುಕಿರುವ ತನಕ ಲೋಕಕ್ಕೆ ತಿಳಿಸಲಿಲ್ಲ. ಅವನು ೧೮೭೦ರಲ್ಲಿ ಕಾಲವಾದ ಮೇಲೆ, ಸ್ನೇಹಿತ ಜಾನ್ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದ ಅದು ಬೆಳಕಿಗೆ ಬಂದಿತು.

ರಿಜಿಸ್ಟರಿನ ಈ ಖಾಲಿ ಸ್ಥಳದಲ್ಲಿಯೇ ಡಿಕನ್ಸನು ತನ್ನ ಕಾದಂಬರಿಯನ್ನು ಕಟ್ಟಿದ್ದಾನೆ. ಏಮಿ ಡಾರಿಟ್ ಎಂಬ ಹುಡುಗಿಯು ಸೆರೆಮನೆಯಲ್ಲಿ ಹುಟ್ಟಿದವಳು, ಆದರೆ ಸೆರೆಯಾಳಲ್ಲ. ಆಕೆಯ ಹೆಸರಿರುವುದು ಪಕ್ಕದ ಚರ್ಚಿನ ಜನನದ ಪುಸ್ತಕದಲ್ಲಿ. ಒಂದು ರಾತ್ರಿ ಸೆರೆಮನೆಯ ಬಾಗಿಲು ಮುಚ್ಚಿಹೋಗಿ ಹೊರಗೆ ಉಳಿದಾಗ, ಆಕೆಯು ಅದೇ ಚರ್ಚಿನಲ್ಲಿ ಮರಣದ ಪುಸ್ತಕವನ್ನು ತಲೆದಿಂಬಾಗಿಟ್ಟುಕೊಂಡು ಮಲಗುತ್ತಾಳೆ. ಕಥೆಯ ಅಂತ್ಯದಲ್ಲಿ ಅಲ್ಲಿಯೇ ವಿವಾಹದ ಪುಸ್ತಕಕ್ಕೆ ರುಜು ಹಾಕುತ್ತಾಳೆ. ಮೂರು ರಿಜಿಸ್ಟರುಗಳ ನಡುವೆ ಒಂದು ಜೀವವು ಸಾಗುವ ಈ ಕಲ್ಪನೆಯನ್ನು ಭಾವುಕತೆಯೆಂದು ಹಳಿಯುವವರುಂಟು. ಇತರ ಕೆಲವು ಎಡೆಗಳಲ್ಲಿ ಆ ಆಕ್ಷೇಪವು ಸಲ್ಲುತ್ತದೆ, ಇಲ್ಲಿ ಸಲ್ಲದು. ತಂದೆಯ ಹೆಸರನ್ನು ಬರೆದುಕೊಂಡ ಪುಸ್ತಕವು ಯಾರನ್ನು ಬರೆದುಕೊಳ್ಳಲಿಲ್ಲವೆಂಬುದನ್ನು ಬಲ್ಲವನೊಬ್ಬನೇ ಹೀಗೆ ಬರೆಯಬಲ್ಲನು.

ಇಲ್ಲಿ ಒಂದು ಶಂಕೆ ಹುಟ್ಟುವುದು. ಇರುವುದೂ ನಂಬತಕ್ಕದ್ದಲ್ಲ, ಇಲ್ಲದಿರುವುದೂ ನಂಬತಕ್ಕದ್ದಲ್ಲವೆಂದರೆ ಕಡತಗಳಿಂದ ಸಾಹಿತ್ಯಾಧ್ಯಾಪಕನಿಗೆ ಪ್ರಯೋಜನವೇನು? ಸಮಾಧಾನ: ನಲವತ್ತು ಪೌಂಡು ಹತ್ತು ಷಿಲ್ಲಿಂಗೆಂಬ ಅಂಕಿಯನ್ನು ಅರಿಯದವನಿಗೆ ಕಾದಂಬರಿಯಲ್ಲಿ ಡಾರಿಟನು ಇಪ್ಪತ್ತಕ್ಕೂ ಹೆಚ್ಚು ವರ್ಷ ಸೆರೆಯಲ್ಲಿ ಕೊಳೆಯುವುದರ ಅರ್ಥವು ಪೂರ್ಣವಾಗಿ ಹೊಳೆಯದು. ತಂದೆಯು ಮೂರು ತಿಂಗಳಲ್ಲಿ ಹೊರಬಂದನು. ಮಗನ ಮನಸ್ಸಿನಲ್ಲಿ ಆ ಮೂರು ತಿಂಗಳು ಇಪ್ಪತ್ತು ವರ್ಷವಾಗಿ ಬೆಳೆಯಿತು. ಈ ಅಂತರವನ್ನು ಅಳೆಯಲು ಕಡತವು ಬೇಕೇ ಬೇಕು. ಅದು ಕಾವ್ಯವನ್ನು ಸಿದ್ಧಪಡಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ; ಕವಿಯು ಎಲ್ಲಿಂದ ಹೊರಟು ಎಷ್ಟು ದೂರ ನಡೆದನೆಂಬುದನ್ನು ತೋರಿಸುತ್ತದೆ.

ಸಂಸ್ಕೃತವಾಙ್ಮಯದಲ್ಲಿ ಇದಕ್ಕೆ ವಿಪರೀತವಾದ ಉದಾಹರಣೆಯೊಂದುಂಟು. ಒಂಬತ್ತನೆಯ ಶತಮಾನದ ಕಾಶ್ಮೀರದ ಜಯಂತಭಟ್ಟನು ತನ್ನ 'ನ್ಯಾಯಮಂಜರಿ'ಯಲ್ಲಿ, ರಾಜನು ತನ್ನನ್ನು ಶಬ್ದವಿಲ್ಲದ ಗಹ್ವರದಲ್ಲಿ ಬಂಧಿಸಿಟ್ಟಿರುವನೆಂದೂ, ಗ್ರಂಥರಚನೆಯ ವಿನೋದದಿಂದ ದಿನಗಳನ್ನು ಕಳೆದೆನೆಂದೂ ಹೇಳಿಕೊಂಡಿದ್ದಾನೆ. ವ್ಯಾಖ್ಯಾನಕಾರ ಚಕ್ರಧರನ ಮಾತಿನಂತೆ ಅದು ರಾಜಾಜ್ಞೆಯಿಂದಾದ ಖಶದೇಶದ ವಾಸವು. ಆದುದರಿಂದ ಆ ಗಹ್ವರವು ಸೆರೆಮನೆಯೋ ಗಡಿನಾಡಿನ ಕಾಡೋ ಎಂಬ ಚರ್ಚೆಯಿದೆ. ಅಲ್ಲಿ ಬಂದಿಯ ಮಾತು ಉಳಿದಿದೆ, ಕಡತವಿಲ್ಲ. ಲಂಡನ್ನಿನಲ್ಲಿ ಸಹಸ್ರಗಟ್ಟಲೆ ಕಡತಗಳುಳಿದಿವೆ, ಬಂದಿಯ ಮಾತು ವಿರಳ.

ಆ ವಿರಳವಾದ ಮಾತುಗಳಲ್ಲಿ ಎರಡು ಭಾರತೀಯರವು. ೧೯೦೯ನೆಯ ಜುಲೈ ೧ರಂದು ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಮದನಲಾಲ್ ಧಿಂಗ್ರಾ ಅವರ ವಿಚಾರಣೆಯು ಅದೇ ತಿಂಗಳು ಓಲ್ಡ್ ಬೈಲಿಯಲ್ಲಿ ನಡೆಯಿತು; ಮುದ್ರಿತ ವರದಿಯಲ್ಲಿಯೂ ಇದೆ. ಆದರೆ ಅದರಲ್ಲಿ ಅವರ ಹೆಸರು 'ಮದರ್ ಲಾಲ್' ಎಂದು ಅಚ್ಚಾಗಿರುವುದರಿಂದ, ಸರಿಯಾದ ಅಕ್ಷರಗಳಿಂದ ಪೂರ್ಣನಾಮವನ್ನು ಹುಡುಕುವವನಿಗೆ ಅದು ತಪ್ಪಿಹೋಗುವ ಸಂಭವವುಂಟು. ಕೆಳಗಿನ ನ್ಯಾಯಸ್ಥಾನದಲ್ಲಿ ಅವರು ಆಡಿದ ಮಾತು ವರದಿಯಲ್ಲಿ ಸೇರಿದೆ. ಪೋಲೀಸರು ವಶಪಡಿಸಿಕೊಂಡಿದ್ದ ಅವರ ಲಿಖಿತ ಹೇಳಿಕೆಯು ನ್ಯಾಯಸ್ಥಾನದಲ್ಲಿ ಓ‍ದಲ್ಪಡಲಿಲ್ಲ. ಅದು ಆಗಸ್ಟಿನಲ್ಲಿ 'ಡೈಲಿ ನ್ಯೂಸ್' ಪತ್ರಿಕೆಯ ಮೂಲಕ ಹೊರಬಂದಿತು. ಆಗಸ್ಟ್ ೧೭ರಂದು ಪೆಂಟನ್‌ವಿಲ್ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಿದರು. ೧೯೪೦ರಲ್ಲಿ ಅದೇ ಸೆರೆಮನೆಯಲ್ಲಿ ಮಡಿದ ಊಧಮ್ ಸಿಂಗ್ ಅವರನ್ನು ಆ ಮುದ್ರಿತ ವರದಿಯಲ್ಲಿ ಹುಡುಕುವುದೇ ವ್ಯರ್ಥ. ಅದು ೧೯೧೩ಕ್ಕೇ ನಿಂತುಹೋಗಿದ್ದಿತು. ದಸ್ತಗಿರಿಯಾದಾಗ ಅವರು ಹೇಳಿದ ಹೆಸರು ಮಹಮ್ಮದ್ ಸಿಂಗ್ ಆಜಾದ್ ಎಂದು. ನ್ಯಾಯಸ್ಥಾನದಲ್ಲಿ ಅವರಾಡಿದ ಕಡೆಯ ಮಾತನ್ನು ಪತ್ರಿಕೆಗಳು ಪ್ರಕಟಿಸಕೂಡದೆಂದು ಅಪ್ಪಣೆಯಾಗಿ, ಅದರ ಶೀಘ್ರಲಿಪಿಯ ಪ್ರತಿಯು ೧೯೯೬ರ ವರೆಗೆ ಸಾರ್ವಜನಿಕರಿಗೆ ದೊರೆಯಲಿಲ್ಲ.

ಹಳೆಯ ಕಡತಗಳ ಸ್ಥಿತಿ ಹೀಗೆ. ಈಗ ಸೆರೆಯಲ್ಲಿರುವವರ ಪಟ್ಟಿಯು ಲಂಡನ್ನಿನಲ್ಲಿ ಸರ್ವರಿಗೂ ತೆರೆದಿಲ್ಲ. ನ್ಯೂಯಾರ್ಕ್ ನಗರದ ಕಾರಾಗೃಹ ಇಲಾಖೆಯು ಬಂದಿಯ ಹೆಸರನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಇಟ್ಟಿದೆ. ಇಂಗ್ಲೆಂಡಿನಲ್ಲಿ ಹುಡುಕುವವನು ಸರ್ಕಾರಕ್ಕೆ ವಿಜ್ಞಾಪಿಸಿಕೊಳ್ಳಬೇಕು, ಸೆರೆಯಲ್ಲಿರುವವನು ಸಮ್ಮತಿಸಿದರೆ ಮಾತ್ರವೇ ಅವನಿರುವ ಸ್ಥಳವು ತಿಳಿಯುವುದು. ಮಾಲ್ ಫ್ಲಾಂಡರ್ಸಳು ತನ್ನ ಕಥೆಯ ಮೊದಲ ವಾಕ್ಯದಲ್ಲಿ ಕೇಳಿದ ಹಕ್ಕು ಅದೇ.